ಹೆಜ್ಜಾರ್ಲೆ ಬಳಗದವರು ಏನು ಮಾಡುತ್ತಾರೆ?



ಹೋದ ತಿಂಗಳ ಗೋಡೆ ಪತ್ರಿಕೆಗೆ ನಾನು ಒಗಟು ಬರೆದಿದ್ದೆ. ಈ ಸಲ ವಿಜ್ಞಾನದ ಮೇಷ್ಟ್ರು, "ಒಗಟು ಸಾಕು. ರಜಾ ಬಂದ್ರೆ ಕೊಕ್ಕರೆ ಬೆಳ್ಳೂರಿಗೆ ಓಡ್ತೀಯಲ್ಲ, ಅದನ್ನ ಬರಿ" ಅಂದರು. ಕೊಕ್ಕರೆ ಬೆಳ್ಳೂರು ನಮ್ಮ ಅವ್ವನ ತವರೂರು. ಅಲ್ಲಿ ನಮ್ಮ ಅಜ್ಜಿ, ಮಾವ, ಅತ್ತೆ ಇದ್ದಾರೆ. ಮನೆ ಹಿಂದೆ ಒಂದು ದೊಡ್ಡ ಹುಣಸೆ ಮರ ಇದೆ. ಆ ಮರದ ಮಾತು ಈ ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕ್ಲಾಸಿನಲ್ಲಿ ಕೆಲವರು, "ಆ ಊರಲ್ಲಿ ಬರೀ ಗಬ್ಬುನಾತ, ತಲೆ ಮೇಲೆಲ್ಲ ಹಿಕ್ಕೆ ಬೀಳ್ತದಂತೆ" ಅಂತ ನಗುತ್ತಾರೆ. ನಾತ ಇರುವುದು ನಿಜ. ಹಿಕ್ಕೆ ಬೀಳುವುದೂ ನಿಜ, ನನ್ನ ಯೂನಿಫಾರಂ ಮೇಲೇ ಎರಡು ಸಲ ಬಿದ್ದಿದೆ. ಆದರೆ ಅಷ್ಟು ನಾತ ತಡೆದುಕೊಂಡು ಒಂದು ಊರಿನವರು ಯಾಕೆ ಆ ಹಕ್ಕಿಗಳನ್ನು ಇಟ್ಟುಕೊಂಡಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ನಾನು ಅದನ್ನೇ ಹೇಳಬೇಕು ಅಂತಿದ್ದೇನೆ.

ಮೊದಲು ಊರು ಎಲ್ಲಿದೆ ಅಂತ ಹೇಳುತ್ತೇನೆ. ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ಬೆಂಗಳೂರು ಮೈಸೂರು ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿ ಸುಮಾರು 12 ಕಿಲೋಮೀಟರ್ ಒಳಗೆ ಹೋಗಬೇಕು. ಊರಿನ ಹತ್ತಿರವೇ ಶಿಂಷಾ ಹೊಳೆ. ಈ ಹೊಳೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುತ್ತದೆ. ಮಾರ್ಕೋನಹಳ್ಳಿ ಅಣೆಕಟ್ಟು ದಾಟಿ, ಮದ್ದೂರಿನ ಪಕ್ಕದಲ್ಲಿ ಹರಿದು, ಶಿವನಸಮುದ್ರದ ಕಡೆ ಹೋಗಿ ಕಾವೇರಿಗೆ ಸೇರುತ್ತದೆ. ಹೊಳೆಯ ಅಕ್ಕಪಕ್ಕ ಕೆರೆಗಳು, ಕಬ್ಬಿನ ಗದ್ದೆಗಳು, ಭತ್ತದ ಗದ್ದೆಗಳು. ಕೆರೆಯಲ್ಲಿ ಮೀನು ಇರುವುದರಿಂದಲೇ ಹಕ್ಕಿಗಳು ಈ ಕಡೆ ಬರುವುದು.

ಊರಿನ ಹೆಸರಿನಲ್ಲಿ ಕೊಕ್ಕರೆ ಇದೆ. ಆದರೆ ಅಲ್ಲಿ ಗೂಡು ಕಟ್ಟುವ ಮುಖ್ಯ ಹಕ್ಕಿಗಳು ಎರಡು ಜಾತಿ. ಒಂದು ಬಣ್ಣದ ಕೊಕ್ಕರೆ. ಅದರ ಕೊಕ್ಕು ಹಳದಿ, ಮುಖ ಕಿತ್ತಳೆ ಬಣ್ಣ, ಬಾಲದ ಹತ್ತಿರ ಗುಲಾಬಿ ಗರಿ. ಅದು ಕೂಗುವುದಿಲ್ಲ, ಕೊಕ್ಕನ್ನು ಕಟಕಟ ಅಂತ ಬಡಿಯುತ್ತದೆ. ಇನ್ನೊಂದು ಹೆಜ್ಜಾರ್ಲೆ. ಬೂದು ಬಿಳಿ ಬಣ್ಣ, ಗಿಡ್ಡ ಕಾಲು, ಬಾತುಕೋಳಿ ಥರ ಪಾದ, ಮೊಳದುದ್ದ ಕೊಕ್ಕು, ಕೊಕ್ಕಿನ ಕೆಳಗೆ ಚೀಲ. ಮೇಲಿನ ಕೊಕ್ಕಿನ ಮೇಲೆ ಚುಕ್ಕೆಗಳ ಸಾಲು ಇರುತ್ತದೆ. ದೊಡ್ಡ ಹೆಜ್ಜಾರ್ಲೆ 5 ಕಿಲೋ ತೂಗಬಹುದು. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 2 ಮೀಟರಿಗಿಂತ ಜಾಸ್ತಿ. ನಾನು ನಮ್ಮ ಕ್ಲಾಸಿನ ಕಪ್ಪುಹಲಗೆಯನ್ನು ಟೇಪು ಹಿಡಿದು ಅಳೆದೆ, ಹೆಜ್ಜಾರ್ಲೆ ಅದರೊಳಗೆ ಹಿಡಿಸುವುದಿಲ್ಲ.

ಆ ಚೀಲದ ಬಗ್ಗೆ ಎಲ್ಲರೂ ತಪ್ಪು ತಿಳಿದುಕೊಂಡಿದ್ದಾರೆ. ನಾನೂ ತಿಳಿದಿದ್ದೆ. ಮೀನು ತುಂಬಿಕೊಂಡು ಮನೆಗೆ ತರುವ ಬ್ಯಾಗು ಅದಲ್ಲ. ಅದು ಬಲೆ. ನೀರಿನ ಜೊತೆಗೆ ಮೀನನ್ನು ಚೀಲದಲ್ಲಿ ಬಾಚಿ, ಕೊಕ್ಕು ಬಗ್ಗಿಸಿ ನೀರನ್ನೆಲ್ಲ ಚೆಲ್ಲಿ, ಆಮೇಲೆ ಮೀನು ನುಂಗುತ್ತದೆ. ಮರಿಗೆ ಕೊಡುವಾಗ ಹೊಟ್ಟೆಯಿಂದ ವಾಪಸ್ ತಂದು ಕೊಡುತ್ತದೆ. ಆಗ ಮರಿ ತನ್ನ ತಲೆಯನ್ನು ತಾಯಿಯ ಬಾಯೊಳಗೆ ಪೂರ್ತಿ ತೂರಿಸುತ್ತದೆ. ಮೊದಲ ಸಲ ನೋಡಿದಾಗ ತಾಯಿಯೇ ಮರಿಯನ್ನು ನುಂಗುತ್ತಿದೆ ಅಂತ ನಾನು ಅತ್ತುಬಿಟ್ಟಿದ್ದೆನಂತೆ. ಅಜ್ಜಿ ಈಗಲೂ ನೆಂಟರ ಮುಂದೆ ಅದನ್ನು ಹೇಳಿ ನಗುತ್ತಾರೆ.

ಇನ್ನೊಂದು ವಿಷಯ ಮೇಷ್ಟ್ರು ಹೇಳಿದ್ದು. ಹೆಜ್ಜಾರ್ಲೆಯ ವೈಜ್ಞಾನಿಕ ಹೆಸರು ಪೆಲಿಕಾನಸ್ ಫಿಲಿಪ್ಪೆನ್ಸಿಸ್. ಅಂದ್ರೆ ಫಿಲಿಪ್ಪೀನ್ಸ್ ದೇಶದ ಹೆಸರು ಅದರಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ಬೇಕಾದಷ್ಟು ಇತ್ತಂತೆ. 1960ರ ದಶಕದ ಹೊತ್ತಿಗೆ ಆ ದೇಶದಲ್ಲಿ ಒಂದೂ ಉಳಿಯಲಿಲ್ಲ. ಹೆಸರು ಮಾತ್ರ ಉಳಿದಿದೆ. ಇದನ್ನು ಕೇಳಿದ ದಿನ ನನಗೆ ಅಜ್ಜಿ ಊರಿನ ಹೆಸರು ನೆನಪಾಯಿತು. ಕೊಕ್ಕರೆ ಇಲ್ಲದೆ ಬರೀ ಬೆಳ್ಳೂರು ಅಂದ್ರೆ ಹೇಗಿರುತ್ತದೆ ಅಂತ.

ಈಗ ಹುಣಸೆ ಮರಕ್ಕೆ ಬರುತ್ತೇನೆ. ಹೆಜ್ಜಾರ್ಲೆಗಳು ಅಕ್ಟೋಬರ್ ನವೆಂಬರ್ ಹೊತ್ತಿಗೆ ಬರಲು ಶುರು ಮಾಡುತ್ತವೆ. ಕಾಡಿಗೆ ಹೋಗುವುದಿಲ್ಲ. ಊರೊಳಗೆ, ಮನೆ ಹಿತ್ತಲಲ್ಲಿ, ಬೀದಿ ಪಕ್ಕದಲ್ಲಿ ಇರುವ ಹುಣಸೆ, ಅರಳಿ, ಆಲದ ಮರಗಳ ಮೇಲೇ ಗೂಡು. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಹಕ್ಕಿ ಮೊಟ್ಟೆಗೆ ಕೂತಿರುತ್ತದೆ. ಒಂದು ಗೂಡಿನಲ್ಲಿ ಎರಡು ಮೂರು ಮೊಟ್ಟೆ ಇರುತ್ತವೆ. ಮರಿಯಾಗಲು ಒಂದು ತಿಂಗಳು ಬೇಕು. ಮರಿ ಹಾರುವಷ್ಟು ದೊಡ್ಡದಾಗಲು ಇನ್ನೂ ಮೂರು ತಿಂಗಳ ಮೇಲೇ ಆಗುತ್ತದೆ. ಈಗ ಲೆಕ್ಕ ಹಾಕಿ. ಹುಣಸೆಹಣ್ಣು ಯಾವಾಗ ಬಡಿಯುತ್ತೇವೆ? ಶಿವರಾತ್ರಿ ಆಸುಪಾಸಿನಿಂದ ಯುಗಾದಿ ತನಕ. ಸರಿಯಾಗಿ ಅದೇ ಹೊತ್ತಿಗೆ ಮರದ ತುಂಬಾ ಮರಿಗಳು! ಗಳ ಹಿಡಿದು ಕೊಂಬೆ ಬಡಿದರೆ ಹಣ್ಣಿನ ಜೊತೆಗೆ ಮರಿಯೂ ಉದುರುತ್ತದೆ. ಬಡಿಯದಿದ್ದರೆ ಆ ವರ್ಷದ ಹಣ್ಣಿನ ದುಡ್ಡು ಹೋಯಿತು.

ಈ ಊರಿನ ಎಷ್ಟೋ ಮನೆಯವರು ವರ್ಷ ವರ್ಷವೂ ಬಡಿಯದೆ ಬಿಟ್ಟಿದ್ದಾರೆ. ಹೊರಗಿನಿಂದ ಕ್ಯಾಮೆರಾ ಹಿಡಿದು ಬರುವವರಿಗೆ ಹಕ್ಕಿ ಕಾಣುತ್ತದೆ, ಬಿಟ್ಟ ಹುಣಸೆಹಣ್ಣು ಕಾಣುವುದಿಲ್ಲ.

ಅಜ್ಜಿಯನ್ನು ಕೇಳಿದರೆ ಒಂದೇ ಉತ್ತರ. "ಬಾಣಂತನಕ್ಕೆ ಬಂದಿರೋ ಹೆಣ್ಮಗೀನ ಯಾರಾದ್ರೂ ಆಚೆಗೆ ದಬ್ಬಾರೇನಮ್ಮಿ?" ಅಲ್ಲಿ ಹಿರಿಯರೆಲ್ಲ ಹಾಗೇ ಮಾತಾಡುತ್ತಾರೆ. ಹಕ್ಕಿ ಅಂದ್ರೆ ತವರಿಗೆ ಬಂದ ಮಗಳು, ಮರಿ ಮಾಡಿಕೊಂಡು ಮಳೆಗಾಲಕ್ಕೆ ಹೋಗುತ್ತಾಳೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನಾಗಿರುತ್ತದೆ ಅಂತಲೂ ನಂಬುತ್ತಾರೆ. ಹಿಂದೆ ಪ್ಲೇಗು ಬಂದಾಗ ಊರಿನವರು ಹಳೇ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರಂತೆ, ಹಕ್ಕಿಗಳೂ ಅವರ ಹಿಂದೆಯೇ ಬಂದವಂತೆ. ಇನ್ನೊಂದು ಲಾಭವೂ ಇತ್ತು. ಮರದ ಕೆಳಗೆ ಅಗಲವಾಗಿ ಗುಂಡಿ ತೋಡಿ ಕೆರೆಗೋಡು ತುಂಬಿಸುತ್ತಿದ್ದರು. ಹಿಕ್ಕೆಯೆಲ್ಲ ಅದರ ಮೇಲೆ ಬಿದ್ದು ಒಳ್ಳೆ ಗೊಬ್ಬರ ಆಗುತ್ತಿತ್ತು. ಮೀನು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಜಾಸ್ತಿ. ಅಂಗಡಿ ಗೊಬ್ಬರ ಬಂದ ಮೇಲೆ ಗುಂಡಿ ತೋಡುವವರು ಕಡಿಮೆಯಾದರು.

ಗುಂಡಿ ಕಡಿಮೆಯಾದ ಹಾಗೇ, ಮರ ಮಾರಿಬಿಡೋಣ ಅನ್ನುವವರು ಜಾಸ್ತಿಯಾದರು. ಇದು ಅಜ್ಜಿ ಮಾತು.

1976ರಲ್ಲಿ ಎಸ್. ಜಿ. ನೇಗಿನಹಾಳ ಅನ್ನುವ ಅರಣ್ಯ ಅಧಿಕಾರಿಗಳು ಈ ಊರನ್ನು ನೋಡಿ ಹೊರಗಿನವರಿಗೆ ತಿಳಿಸಿದರು. (ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಗಟ್ಟಲೆ ಮರ ನೆಡಿಸಿದವರೂ ಇವರೇ.) ಆಮೇಲೆ, ಗೂಡು ಇರುವ ಮರದ ಯಜಮಾನರು ಹಣ್ಣು ಬಡಿಯದೆ, ಮರ ಕಡಿಯದೆ ಇದ್ದರೆ ಮರಕ್ಕೆ ಇಷ್ಟು ಅಂತ ಪರಿಹಾರ ಕೊಡುವುದು ಶುರುವಾಯಿತು. ದುಡ್ಡು ಹಣ್ಣಿನ ಬೆಲೆಗೆ ಸಮ ಇಲ್ಲ ಅಂತ ಮಾವ ಗೊಣಗುತ್ತಾರೆ.

1994ರಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಅನ್ನುವ ಸಂಸ್ಥೆಯವರು ಬಂದು, ಊರಿನ ಹುಡುಗರನ್ನೇ ಸೇರಿಸಿಕೊಂಡು ಹೆಜ್ಜಾರ್ಲೆ ಬಳಗ ಕಟ್ಟಿದರು. ಬಳಗ ಅಂದ್ರೆ ನೆಂಟರು ಇಷ್ಟರು. ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಅಜ್ಜಿ ಮಾತಿಗೆ ಸರಿಹೊಂದುತ್ತದೆ. ಬಳಗದವರು ರೈತರ ಮಕ್ಕಳು. ಹೊಲ ಗದ್ದೆ ಕೆಲಸ ಮಾಡಿಕೊಂಡೇ ಇದನ್ನೂ ಮಾಡುತ್ತಾರೆ. ಯಾವ ಮರದಲ್ಲಿ ಎಷ್ಟು ಗೂಡು ಅಂತ ಎಣಿಸುತ್ತಾರೆ. ಮರ ಮಾರಲು ಹೊರಟವರ ಮನೆಗೆ ಹೋಗಿ ಕೂತು ಮಾತಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಕೆಲಸ, ಬಿದ್ದ ಮರಿಗಳನ್ನು ಸಾಕುವುದು.

ಮರಿ ಯಾಕೆ ಬೀಳುತ್ತದೆ? ಗೂಡು ಅಂದ್ರೆ ಕಡ್ಡಿಗಳ ತಟ್ಟೆ, ಅಷ್ಟೇ. ಗಾಳಿ ಬಂದಾಗ ಕೊಂಬೆ ತೂಗಿದರೆ ಬೀಳುತ್ತದೆ. ಮರಿಗಳು ಮೀನಿಗೆ ಜಗಳ ಆಡುವಾಗಲೂ ಬೀಳುತ್ತದೆ. ಬಿದ್ದ ಮರಿಯನ್ನು ತಾಯಿ ಎತ್ತಿಕೊಳ್ಳುವುದಿಲ್ಲ. ಕೆಳಗೆ ಇಳಿದು ಮೀನು ಕೊಡುವುದೂ ಇಲ್ಲ. ಇದು ತಾಯಿಯ ಕಲ್ಲುಮನಸ್ಸಲ್ಲ, ಗೂಡಿನಲ್ಲಿ ಇರುವುದೇ ತನ್ನ ಮರಿ ಅಂತ ಅದಕ್ಕೆ ಲೆಕ್ಕ. ಹಾಗಾಗಿ ಬಿದ್ದ ಮರಿ ನಾಯಿಯ ಪಾಲು, ಇಲ್ಲಾಂದ್ರೆ ಹಸಿವಿನ ಪಾಲು. ಮರ ಹತ್ತಿ ವಾಪಸ್ ಇಡೋಣ ಅಂದ್ರೆ, ಹತ್ತುವವರನ್ನು ನೋಡಿ ಹೆದರಿ ಬೇರೆ ಗೂಡಿನ ಮರಿಗಳೂ ಬೀಳುತ್ತವೆ.

ಈಗ ನಾನು ಮಾಡಿದ ತಪ್ಪು ಬರೆಯುತ್ತೇನೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

2025ರ ಮಾರ್ಚ್. ಶನಿವಾರ ಅಜ್ಜಿ ಮನೆಗೆ ಹೋಗಿದ್ದೆ. ರಾತ್ರಿ ಜೋರು ಗಾಳಿ. ಬೆಳಿಗ್ಗೆ ಹಿತ್ತಲಿಗೆ ಹೋದರೆ ತಿಪ್ಪೆ ಪಕ್ಕದಲ್ಲಿ ಒಂದು ಮರಿ, ಬೇಲಿ ಹತ್ತಿರ ಇನ್ನೊಂದು. ಮೈ ತುಂಬಾ ಹತ್ತಿಯಂಥ ಬಿಳಿ ತುಪ್ಪಳ. ತಿಪ್ಪೆ ಪಕ್ಕದ ಮರಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಪಾಪ, ಬಾಯಾರಿದೆ ಅಂತ ನಾನು ಅದನ್ನು ಜಗಲಿಗೆ ತಂದು, ಚೊಂಬಿನಲ್ಲಿ ನೀರು ತಂದು ಬಾಯಿಗೆ ಹುಯ್ದೆ. ಅದು ಕೆಮ್ಮಿದ ಹಾಗೆ ಮಾಡಿತು. ಇನ್ನೂ ಬೇಕೇನೋ ಅಂತ ಮತ್ತೆ ಹುಯ್ದೆ. ಆಮೇಲೆ ರಾಗಿಮುದ್ದೆ ಚೂರು ಇಟ್ಟೆ.

ಅಷ್ಟರಲ್ಲಿ ಮಾವನ ಮಗ ಓಡಿಹೋಗಿ ಬಳಗದ ಅಣ್ಣನನ್ನು ಕರೆದುಕೊಂಡು ಬಂದ. ಅವರು ಮರಿಯ ತಲೆಯನ್ನು ಕೆಳಗೆ ಬಗ್ಗಿಸಿ ಹಿಡಿದರು, ಮೂಗು ಬಾಯಿಂದ ನೀರು ಸೋರಿತು. "ನೀರು ಹುಯ್ದ್ಯಾ? ಯಾರಮ್ಮಿ ಹೇಳಿದ್ದು ನಿಂಗೆ?" ಅಂತ ಜೋರಾಗಿ ಕೇಳಿದರು. ನನಗೆ ಮಾತೇ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೂರಿಸಿಕೊಂಡು ಹೇಳಿದರು. ಹಕ್ಕಿಯ ಉಸಿರಿನ ದಾರಿ ಬಾಯಿಯ ತಳದಲ್ಲೇ, ನಾಲಿಗೆ ಹಿಂದೆಯೇ ತೆರೆದಿರುತ್ತದೆ. ನಾವು ಹುಯ್ದ ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೆಜ್ಜಾರ್ಲೆ ಮರಿಗೆ ಬೇಕಾದ ನೀರು ಮೀನಿನಲ್ಲೇ ಸಿಗುತ್ತದೆ. ಅದು ಬಾಯಿ ತೆರೆದು ಏದುಸಿರು ಬಿಡುವುದು ಸೆಕೆಗೆ, ನಾಯಿ ನಾಲಿಗೆ ಚಾಚುವ ಹಾಗೆ.

ಮಾವ ಎರಡನೇ ಮರಿಯನ್ನು ಗೋಣಿಚೀಲದಲ್ಲಿ ಸಡಿಲವಾಗಿ ಸುತ್ತಿ ಎತ್ತಿಕೊಂಡರು. ಕಣ್ಣಿಗೆ ಕತ್ತಲಾದರೆ ಮರಿ ಒದ್ದಾಡುವುದಿಲ್ಲ. ಎರಡನ್ನೂ ಬಳಗದವರ ಮರಿಮನೆಗೆ ತೆಗೆದುಕೊಂಡು ಹೋದೆವು. ಸುತ್ತ ತಂತಿಬಲೆ, ನಾಯಿ ನುಗ್ಗುವ ಹಾಗಿಲ್ಲ, ಒಂದು ಕಡೆ ನೆರಳು. ಒಳಗೆ ಮೊದಲೇ ಬಿದ್ದಿದ್ದ ಮರಿಗಳು ಇದ್ದವು, ನಮ್ಮನ್ನು ನೋಡಿ ಗಲಾಟೆಯೋ ಗಲಾಟೆ. ಮೊದಮೊದಲು ಸಣ್ಣ ಮೀನನ್ನು ಬಾಯಿಗೇ ಇಡಬೇಕು. ಸ್ವಲ್ಪ ದಿನಕ್ಕೆ ಬೋಗುಣಿಯಲ್ಲಿ ಹಾಕಿದರೆ ತಾವೇ ಬಾಚಿಕೊಳ್ಳುತ್ತವೆ. ಒಂದೊಂದು ಮರಿ ತಿನ್ನುವ ಮೀನು ನೋಡಿದರೆ ಗಾಬರಿಯಾಗುತ್ತದೆ! ಅಷ್ಟೂ ಮೀನನ್ನು ದಿನಾ ಹೊಂಚಬೇಕು. ರೆಕ್ಕೆ ಬಲಿತ ಮೇಲೆ ಬಾಗಿಲು ತೆರೆದು ಬಿಡುತ್ತಾರೆ. ಮೊದಲು ಬಾಗಿಲ ಹತ್ತಿರವೇ ಸುಳಿದಾಡಿ, ಆಮೇಲೆ ಮರಕ್ಕೆ ಹಾರಿ, ಒಂದು ದಿನ ಉಳಿದ ಹಕ್ಕಿಗಳ ಜೊತೆ ಕೆರೆಗೆ ಹೊರಟುಬಿಡುತ್ತವೆ. ಬಿಸಿಲು ಏರಿದ ಮೇಲೆ ಬಿಸಿಗಾಳಿಯಲ್ಲಿ ಸುತ್ತು ಸುತ್ತುತ್ತಾ ರೆಕ್ಕೆ ಬಡಿಯದೆ ಮೇಲಕ್ಕೆ ಹೋಗುವುದನ್ನು ನೋಡಲೇಬೇಕು.

ಬೇಲಿ ಹತ್ತಿರ ಬಿದ್ದಿದ್ದ ಮರಿ ಹಾಗೆ ಹೋಯಿತು. ನಾನು ನೀರು ಹುಯ್ದ ಮರಿ ಮೂರನೇ ದಿನ ಸತ್ತಿತು. "ಬಿದ್ದ ಏಟಿಗೂ ಸತ್ತಿರಬಹುದು ಕಣಮ್ಮಿ" ಅಂತ ಬಳಗದ ಅಣ್ಣ ಅಂದರು. ನನಗೆ ಸಮಾಧಾನ ಆಗಲಿ ಅಂತ ಹೇಳಿದ್ದು ಅಂತ ಅನ್ನಿಸುತ್ತದೆ.

ಆದ್ದರಿಂದ ಇದನ್ನು ಓದುವವರು ದಯವಿಟ್ಟು ನೆನಪಿಡಿ. ಯಾವ ಹಕ್ಕಿಯ ಮರಿ ಸಿಕ್ಕರೂ ಬಾಯಿಗೆ ನೀರು ಹುಯ್ಯಬೇಡಿ. ಅನ್ನ, ಮುದ್ದೆ, ಹಾಲು ಕೊಡಬೇಡಿ. ನಾಯಿ ಬೆಕ್ಕು ಬಾರದ ಹಾಗೆ ನೆರಳಿನಲ್ಲಿ ಇಡಿ, ಗೊತ್ತಿದ್ದವರನ್ನು ಕರೆಯಿರಿ.

ಬಳಗದವರ ಕೈ ಮೀರಿದ್ದೂ ಒಂದಿದೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳ ತನಕ ದೊಡ್ಡ ಹೆಜ್ಜಾರ್ಲೆಗಳೇ ಮರದಿಂದ ಬಿದ್ದು ಸಾಯತೊಡಗಿದವು. ನಾನು ಆಗ ಒಂದನೇ ಕ್ಲಾಸಿಗೂ ಸೇರಿರಲಿಲ್ಲ. 50ಕ್ಕೂ ಹೆಚ್ಚು ಸತ್ತವು. ಹಕ್ಕಿಜ್ವರವೇನೋ ಅಂತ ಊರೆಲ್ಲ ಹೆದರಿಕೊಂಡಿತ್ತಂತೆ. ಅಜ್ಜಿ ಕೋಳಿ ಸಾರು ಮಾಡುವುದನ್ನೇ ನಿಲ್ಲಿಸಿದ್ದರಂತೆ. ಸತ್ತ ಹಕ್ಕಿಗಳನ್ನು ಡಾಕ್ಟರು ಕೊಯ್ದು ನೋಡಿದಾಗ ಹೊಟ್ಟೆ ಕರುಳಿನಲ್ಲಿ ದುಂಡುಹುಳುಗಳು ಸಿಕ್ಕವು. ಈ ಹುಳು ಮೀನಿನಿಂದ ಹಕ್ಕಿಗೆ ಬರುತ್ತದೆ. ಮೀನು ಕೆಟ್ಟರೆ ಮರ ಕಾಪಾಡಿ ಏನು ಬಂತು? ಹೊಳೆಯಿಂದ ಮರಳು ತೆಗೆದರೆ, ಕೆರೆ ಬತ್ತಿದರೆ, ಊರ ಕೊಳಚೆ ಕೆರೆಗೆ ಸೇರಿದರೆ ಅದು ಹೆಜ್ಜಾರ್ಲೆ ಹೊಟ್ಟೆಗೂ ಹೋಗುತ್ತದೆ. ಅದನ್ನು ಒಂದು ಊರಿನ ಹತ್ತಿಪ್ಪತ್ತು ಜನ ತಡೆಯಲಾರರು. ಹಕ್ಕಿಗಳು ಮೀನಿಗೆ ಹೋಗುವ ಕೆರೆಗಳು ಬೇರೆ ಬೇರೆ ಊರಿನವು, ತೈಲೂರು ಕೆರೆ ಥರದವು. ನಮ್ಮೂರ ಕೆರೆಗೂ ಹೆಜ್ಜಾರ್ಲೆ ಬರುವುದನ್ನು ನೀವೇ ನೋಡಿದ್ದೀರಿ. ಅಲ್ಲಿ ನಾವು ಬಟ್ಟೆ ಸೋಪಿನ ಕವರು ಎಸೆಯುವುದನ್ನೂ ನೋಡಿದ್ದೇನೆ, ಹೆಸರು ಬರೆಯುವುದಿಲ್ಲ.

2007ರಲ್ಲಿ ಸರ್ಕಾರ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ವಿಸ್ತೀರ್ಣ ಸುಮಾರು 312 ಹೆಕ್ಟೇರ್. ರಂಗನತಿಟ್ಟಿನ ಥರ ಪಕ್ಷಿಧಾಮ ಇದಲ್ಲ. ರಂಗನತಿಟ್ಟಿನೊಳಗೆ ಜನ ವಾಸ ಮಾಡುವುದಿಲ್ಲ. ಇಲ್ಲಿ ಜಮೀನು ಜನರದ್ದೇ, ಮರವೂ ಜನರದ್ದೇ. ಜನ ತಾವಾಗಿ ಒಪ್ಪಿಕೊಂಡು ಕಾಪಾಡುತ್ತಾರೆ, ಕಾನೂನು ಜೊತೆಗೆ ನಿಲ್ಲುತ್ತದೆ. ವನ್ಯಜೀವಿ ಕಾಯಿದೆ 1972ರದ್ದು. ಅದರಲ್ಲಿ ಈ ಥರದ ಜಾಗಕ್ಕೆ ಅವಕಾಶ ಮಾಡಿದ್ದು 2002ರ ತಿದ್ದುಪಡಿಯಲ್ಲಿ. ಜನ ಒಪ್ಪದೇ ಹೋದರೆ ಬೋರ್ಡು ಮಾತ್ರ ಇರುತ್ತದೆ.

ನಮ್ಮ ಮಾವನೇ ಇದಕ್ಕೆ ಉದಾಹರಣೆ. ಮಾವನಿಗೆ ಮನೆ ಹಿಂದೆ ಇನ್ನೊಂದು ಕೋಣೆ ಕಟ್ಟಬೇಕು. ಹುಣಸೆ ಮರ ಅಡ್ಡ. 2025ರ ಜನವರಿಯಲ್ಲಿ ಮರದ ವ್ಯಾಪಾರಿ ಬಂದು ನೋಡಿಕೊಂಡು ಹೋಗಿದ್ದ. ಎಷ್ಟು ಕೊಡುತ್ತೇನೆ ಅಂದ ಅಂತ ಮಾವ ಹೇಳಲಿಲ್ಲ, ಆದರೆ ಮನೆಯಲ್ಲಿ ಎರಡು ದಿನ ಅದೇ ಮಾತು. "ಹಕ್ಕಿ ಸಾಕುದ್ರೆ ಹೊಟ್ಟೆ ತುಂಬ್ತದಾ ಅವ್ವಾ?" ಅಂತ ಮಾವ, "ನಾ ಇರಗಂಟ ಬುಡಾಕಿಲ್ಲ" ಅಂತ ಅಜ್ಜಿ. ಮಾವನದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಅತ್ತೆ ಪಡಸಾಲೆಯಲ್ಲೇ ಮಲಗುತ್ತಾರೆ, ಒಣಹಾಕಿದ ಬಟ್ಟೆ ಮೇಲೆಲ್ಲ ಹಿಕ್ಕೆ. ಬಳಗದವರು ಬಂದು ಜಗಲಿ ಮೇಲೆ ಕೂತು ಕಾಫಿ ಕುಡಿದು ಮಾತಾಡಿದರು. ಬೈಯಲಿಲ್ಲ. ಈ ಸಲ ಗೂಡಿಲ್ಲದ ಕೊಂಬೆಯ ಹಣ್ಣು ಮಾತ್ರ ಕೈಯಲ್ಲಿ ಕಿತ್ತುಕೊಳ್ಳಿ, ಮರದ ವಿಷಯ ಹಕ್ಕಿ ಹೋದ ಮೇಲೆ ನೋಡೋಣ ಅಂದರು. ಮಾವ ಒಪ್ಪಿದರು. ಆಮೇಲೆ ಮಾರ್ಚ್‌ನಲ್ಲಿ ಗೋಣಿಚೀಲದಲ್ಲಿ ಮರಿ ಎತ್ತಿಕೊಂಡು ಹೋದವರೂ ಅವರೇ. ದಿನಾ ಸಂಜೆ "ನಮ್ ಮರೀದು ಹೆಂಗದೆ?" ಅಂತ ಕೇಳಿಕೊಂಡು ಬರುತ್ತಿದ್ದರಂತೆ.

ಮರ ಇನ್ನೂ ಇದೆ. ಕೋಣೆಯ ಮಾತೂ ಇದೆ. ಹೋದ ವಾರ ಅವ್ವ ಫೋನ್ ಮಾಡಿದಾಗ ಈ ಸಲದ ಹಕ್ಕಿಗಳು ಬಂದಿವೆ, ನಮ್ಮ ಮರದಲ್ಲಿ ಕಡ್ಡಿ ಜೋಡಿಸುತ್ತಿವೆ ಅಂತ ಅಜ್ಜಿ ಹೇಳಿದರು.

ಬರುವ ಭಾನುವಾರ ನಾನು ಬಳಗದವರ ಜೊತೆ ಗೂಡು ಎಣಿಸಲು ಹೋಗುತ್ತೇನೆ. ನಮ್ಮ ಕ್ಲಾಸಿನಿಂದ ಬರುವವರು ಶುಕ್ರವಾರ ಊಟದ ಬೆಲ್ ಆದ ಮೇಲೆ ನನಗೆ ಹೆಸರು ಕೊಡಿ. ಸೈಕಲ್ ಇದ್ದವರು ಇಲ್ಲದವರನ್ನು ಹತ್ತಿಸಿಕೊಳ್ಳಬೇಕು. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ತಲೆಗೆ ಒಂದು ಟವೆಲ್ ತನ್ನಿ. ಪಟಾಕಿ, ಕವಣೆ, ಪೀಪಿ ತಂದವರನ್ನು ಅಜ್ಜಿ ಮನೆಗೆ ಸೇರಿಸುವುದಿಲ್ಲ.

(7ನೇ ತರಗತಿ)